ತುಡುವೆ ಜೇನಿಗೆ ಮರಿ ರೋಗ ಬಂದಾಗ



ಸಂಘದ ಸಾಲದಲ್ಲಿ ತಂದ ಜೇನು ಪೆಟ್ಟಿಗೆಯಲ್ಲಿ ಮರಿಗಳು ಸಾಯತೊಡಗಿದರೆ ಯಾರಿಗಾದರೂ ಗಾಬರಿಯೇ. ಅದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಇರಬಹುದು. 1991-92ರ ಸುಮಾರಿಗೆ ನಮ್ಮ ಕರಾವಳಿ, ಮಲೆನಾಡಿನ ಲೆಕ್ಕವಿಲ್ಲದಷ್ಟು ಪೆಟ್ಟಿಗೆಗಳನ್ನು ಖಾಲಿ ಮಾಡಿದ್ದು ಇದೇ ರೋಗ.

ಗುರುತಿಸುವುದು ಹೇಗೆ?

ಸತ್ತ ಹುಳು ಕಣದಲ್ಲಿ ಉದ್ದಕ್ಕೆ ಮಲಗಿರುತ್ತದೆ. ತಲೆ ದೋಣಿಯ ತುದಿಯಂತೆ ಮೇಲೆದ್ದಿರುತ್ತದೆ. ಕಡ್ಡಿಯಿಂದ ಮೆಲ್ಲಗೆ ಎತ್ತಿದರೆ ನೀರು ತುಂಬಿದ ಚೀಲದ ಹಾಗೆ ಬರುತ್ತದೆ.

ಏನು ಮಾಡಬೇಕು?

ಈ ರೋಗಕ್ಕೆ ಮದ್ದಿಲ್ಲ. ಮಾತ್ರೆ ಪುಡಿ ಮಾಡಿ ಪಾಕಕ್ಕೆ ಹಾಕಬೇಡಿ. ವೈರಸ್ ಸಾಯುವುದಿಲ್ಲ, ಜೇನುತುಪ್ಪ ಕೆಡುತ್ತದೆ.

1. ರೋಗದ ಮರಿ ಇರುವ ಎರಿಗಳನ್ನು ತೆಗೆದು ಸುಟ್ಟುಬಿಡಿ.
2. ರಾಣಿಯನ್ನು ಸುಮಾರು ಎರಡು ವಾರ ಪಂಜರದಲ್ಲಿಟ್ಟು ಅದೇ ಪೆಟ್ಟಿಗೆಯೊಳಗೆ ಇಡಿ. ಹೊಸ ಮೊಟ್ಟೆ ಇಲ್ಲದಿದ್ದರೆ ರೋಗ ಹರಡಲು ಮರಿಯೇ ಸಿಗುವುದಿಲ್ಲ.
3. ಸಂಜೆ ಹೊತ್ತು ಸಕ್ಕರೆ ಪಾಕ ಕೊಡಿ. ಹೊರಗೆ ಚೆಲ್ಲಿದರೆ ಬೇರೆ ಪೆಟ್ಟಿಗೆಯ ನೊಣಗಳು ಕದಿಯಲು ಬಂದು ರೋಗ ಹೊತ್ತೊಯ್ಯುತ್ತವೆ.
4. ಕೈ, ಚಾಕು ಸೋಪಿನಿಂದ ತೊಳೆದೇ ಇನ್ನೊಂದು ಪೆಟ್ಟಿಗೆ ಮುಟ್ಟಿ.

ಮುಖ್ಯ ಮಾತು

ಪಕ್ಕದ ಮನೆಯ ಅಕ್ಕನ ಪೆಟ್ಟಿಗೆ ಸೊರಗಿದೆ ಎಂದು ನಮ್ಮದರಿಂದ ಒಂದು ಎರಿ ಕೊಡುತ್ತೇವಲ್ಲ, ರೋಗ ಮನೆಯಿಂದ ಮನೆಗೆ ಹೋಗುವುದು ಹಾಗೆಯೇ. ಎರಿ ಕೊಡಬೇಡಿ, ತರಬೇಡಿ. ರೋಗ ಕಂಡವರು ಮುಚ್ಚಿಡದೆ ವಾರದ ಸಭೆಯಲ್ಲಿ ಹೇಳಿ. ರೋಗ ಬಂದಾಗಲೂ ಗಟ್ಟಿಯಾಗಿ ಉಳಿದ ಕುಟುಂಬವನ್ನು ಗುರುತಿಟ್ಟುಕೊಳ್ಳಿ. ಮುಂದೆ ಪಾಲು ಮಾಡುವಾಗ ಅದರಿಂದಲೇ ಮಾಡಿ.