ಬಾವಿಕಟ್ಟೆಯ ಹಸಿರು ಪಾಠ

ಮಳೆ ಹಿಡಿದು ಹದಿನೈದು ದಿನ ಕಳೆದರೆ ಸಾಕು, ನಮ್ಮ ಕರಾವಳಿಯ ಮನೆಗಳ ಕೆಂಪುಕಲ್ಲಿನ ಗೋಡೆ, ಬಾವಿಕಟ್ಟೆ, ಹೆಂಚಿನ ಮಾಡು, ಅಂಗಳದ ಮೆಟ್ಟಿಲು ಎಲ್ಲವೂ ಹಸಿರಾಗಿ ಬಿಡುತ್ತವೆ. ಅದೆಲ್ಲವನ್ನೂ 'ಪಾಚಿ' ಎಂಬ ಒಂದೇ ಹೆಸರಿನಿಂದ ಕರೆದು, ನಾವು ಬ್ರಷ್ ಹಿಡಿದು ಉಜ್ಜಲು ಹೊರಡುತ್ತೇವೆ.

ಕಳೆದ ಮಳೆಗಾಲದಲ್ಲಿ ಹೀಗೆ ಉಜ್ಜುತ್ತಿದ್ದಾಗ ಮಗಳು ಒಂದು ತುಂಡನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡು ಕೇಳಿದಳು: "ಉಮ್ಮಾ, ಇದಕ್ಕೆ ಪುಟ್ಟ ಪುಟ್ಟ ಎಲೆ ಉಂಟು. ಬೇರು ಎಲ್ಲಿ?"

ನಾನು ಪಿಯುಸಿಯಲ್ಲಿ ವಿಜ್ಞಾನ ಓದಿದವಳು. ಪ್ರಾಕ್ಟಿಕಲ್ ರೆಕಾರ್ಡ್‌ನಲ್ಲಿ 'ಫ್ಯುನೇರಿಯಾ' ಎಂಬ ಹಾವಸೆಯ ಚಿತ್ರವನ್ನು ಅಂದವಾಗಿ ಬಿಡಿಸಿ ಅಂಕ ಪಡೆದಿದ್ದೆ. ಪುಸ್ತಕ ನೋಡಿ ಬಿಡಿಸಿದ್ದೆನೇ ಹೊರತು ಗಿಡವನ್ನು ಕಂಡಿರಲಿಲ್ಲ. ಆ ಬಳಿಕ ಮದುವೆ, ಮನೆ, ಮಕ್ಕಳು. ಓದು ಅಲ್ಲಿಗೇ ನಿಂತಿತ್ತು. "ಇದು ಫ್ಯುನೇರಿಯಾ" ಎಂದು ಮಗಳಿಗೆ ಹೇಳಿಬಿಟ್ಟೆ. ಆದರೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ರಾತ್ರಿ ಅಡುಗೆಮನೆಯ ಕೆಲಸ ಮುಗಿಸಿ ಮೊಬೈಲ್ ಹಿಡಿದು ಕುಳಿತೆ.

ಒಂದಲ್ಲ, ಮೂರು ಬಳಗ

ಹಾವಸೆ ಸಸ್ಯಗಳಿಗೆ ವಿಜ್ಞಾನಿಗಳು 'ಬ್ರಯೋಫೈಟ್' ಎನ್ನುತ್ತಾರೆ. ಜಗತ್ತಿನಲ್ಲಿ ಇವುಗಳ ಸುಮಾರು 20,000 ಪ್ರಭೇದಗಳಿವೆ. ಹೂವಿಲ್ಲ, ಬೀಜವಿಲ್ಲ, ನಿಜವಾದ ಬೇರೂ ಇಲ್ಲ. ಕಲ್ಲನ್ನು ಹಿಡಿದುಕೊಳ್ಳಲು ಕೂದಲಿನಂಥ ಎಳೆಗಳಿವೆ, ಅಷ್ಟೇ. ನೀರನ್ನು ಮೈಯಿಂದಲೇ ಹೀರಿಕೊಳ್ಳುತ್ತವೆ. ಇವುಗಳಲ್ಲಿ ಮೂರು ಬಳಗಗಳಿವೆ.

ಮೊದಲನೆಯದು ಮಾಸ್. ಗೋಡೆಯ ಮೇಲೆ ಮಖಮಲ್ಲಿನಂತೆ ಹಾಸಿರುವುದು ಹೆಚ್ಚಾಗಿ ಇದೇ. ಪುಟ್ಟ ಕಾಂಡದ ಸುತ್ತಲೂ ಎಲೆಗಳಿರುತ್ತವೆ. ಕೆಲವು ಕಾಲದಲ್ಲಿ ತಂತಿಯಂಥ ಕಡ್ಡಿಯ ತುದಿಗೆ ಕಾಯಿಯಂಥ ಪುಟ್ಟ ಚೀಲ ಕಾಣುತ್ತದೆ. ಅದರೊಳಗೆ ಧೂಳಿನಂಥ ಬೀಜಕಗಳು ಇರುತ್ತವೆ.

ಎರಡನೆಯದು ಲಿವರ್‌ವರ್ಟ್. ಇವುಗಳಲ್ಲಿ ಕೆಲವು ಹಸಿರು ಪಟ್ಟಿಯಂತೆ ನೆಲಕ್ಕೆ ಅಂಟಿ, ಕವಲೊಡೆಯುತ್ತಾ ಬೆಳೆಯುತ್ತವೆ. ಆ ಆಕಾರ ಪಿತ್ತಜನಕಾಂಗವನ್ನು ಹೋಲುತ್ತದೆಂದು ಹಿಂದಿನವರು ಈ ಹೆಸರಿಟ್ಟರು. ಪಾಠಪುಸ್ತಕದಲ್ಲಿ ಬರುವ ಮಾರ್ಕಾನ್ಷಿಯಾ ಈ ಬಳಗದ್ದು. ಅದರ ಮೈಮೇಲೆ ಪುಟಾಣಿ ಬಟ್ಟಲುಗಳಿರುತ್ತವೆ. ಮಳೆಹನಿ ಬಟ್ಟಲಿಗೆ ಬಿದ್ದಾಗ ಒಳಗಿನ ಹಸಿರು ಕಣಗಳು ಸಿಡಿದು ಹೊರಬಿದ್ದು ಹೊಸ ಗಿಡಗಳಾಗುತ್ತವೆ.

ಮೂರನೆಯದು ಹಾರ್ನ್‌ವರ್ಟ್. ಇದರ ಪ್ರಭೇದಗಳು ಸುಮಾರು 200 ಮಾತ್ರ. ಚಪ್ಪಟೆ ಹಸಿರಿನ ಮೇಲೆ ಸೂಜಿಯಂಥ ಕೊಂಬುಗಳು ನೆಟ್ಟಗೆ ನಿಂತಿರುತ್ತವೆ. ಕೊಂಬು ಬುಡದಿಂದ ಬೆಳೆಯುತ್ತಲೇ ಇರುತ್ತದೆ, ತುದಿಯಲ್ಲಿ ಸೀಳಿ ಬೀಜಕ ಉದುರಿಸುತ್ತದೆ. ಇದರ ಮೈಯೊಳಗೆ ನಾಸ್ಟಾಕ್ ಎಂಬ ಸೂಕ್ಷ್ಮಜೀವಿ ಮನೆಮಾಡಿಕೊಂಡು, ಗಾಳಿಯ ಸಾರಜನಕವನ್ನು ಗಿಡಕ್ಕೆ ಆಹಾರವಾಗಿ ಒದಗಿಸುತ್ತದೆ. ಬಾಡಿಗೆ ಕೊಟ್ಟು ಕೂರುವ ಒಳ್ಳೆಯ ಬಿಡಾರದಾರ!

ಮೊಬೈಲ್ ಹೇಳಿದ್ದು, ಕಣ್ಣು ಕಂಡದ್ದು

ಮರುದಿನ ಬಾವಿಕಟ್ಟೆಯ ಹಾವಸೆಯ ಫೋಟೊ ತೆಗೆದು ಗಿಡ ಗುರುತಿಸುವ ಒಂದು ಆ್ಯಪ್‌ಗೆ ಹಾಕಿದೆ. ಅದೂ ಫ್ಯುನೇರಿಯಾ ಎಂದೇ ಹೇಳಿತು. ನನಗೆ ಹಿಗ್ಗು. ಆದರೆ ಜಾಲತಾಣಗಳಲ್ಲಿ ಫ್ಯುನೇರಿಯಾದ ದೊಡ್ಡ ಚಿತ್ರಗಳನ್ನು ತೆರೆದಾಗ ಹಿಗ್ಗು ಇಳಿಯಿತು. ಫ್ಯುನೇರಿಯಾದ ಚೀಲ ಪೇರ್ ಹಣ್ಣಿನ ಆಕಾರದಲ್ಲಿ ಬಾಗಿ ನೇತಾಡುತ್ತದೆ. ನಮ್ಮ ಬಾವಿಕಟ್ಟೆಯದು ಕೊಳವೆಯಂತೆ ನೆಟ್ಟಗೆ ನಿಂತಿತ್ತು. ಒಣಗಿದಾಗ ಅದರ ಎಲೆಗಳು ಒಳಕ್ಕೆ ಸುರುಳಿ ಸುತ್ತಿಕೊಳ್ಳುತ್ತಿದ್ದವು. ಇನ್ನಷ್ಟು ಹುಡುಕಿದಾಗ ಇದು 'ಹಯೋಫಿಲಾ' ಎಂಬ ಗೋಡೆ ಹಾವಸೆ ಇರಬಹುದೆಂದು ತಿಳಿಯಿತು. ಖಚಿತವಾಗಿ ಹೇಳಲು ಸೂಕ್ಷ್ಮದರ್ಶಕ ಬೇಕು. ಮಗಳನ್ನು ಕರೆದು, "ನಾನು ಹೇಳಿದ್ದು ತಪ್ಪಾಗಿತ್ತು" ಎಂದು ಒಪ್ಪಿಕೊಂಡೆ. ಅಂದಿನಿಂದ ಅವಳು ಪ್ರಶ್ನೆ ಕೇಳುವುದು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಮನೆಯಲ್ಲಿ ಕುಳಿತು ಕಲಿಯಬಯಸುವ ಸಹೋದರಿಯರಿಗೆ ನನ್ನ ಅನುಭವದ ಕೆಲವು ಮಾತುಗಳು:

* 'ಪಾಚಿ' ಎಂದು ಹುಡುಕಿದರೆ ಗೋಡೆ ತೊಳೆಯುವ ಉಪಾಯಗಳೇ ಬರುತ್ತವೆ. 'ಬ್ರಯೋಫೈಟ್' ಎಂದೋ, ಗಿಡದ ವೈಜ್ಞಾನಿಕ ಹೆಸರಿನಿಂದಲೋ ಹುಡುಕಬೇಕು.

* ಇಗ್ನೋ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರದ ಪಾಠಗಳು 'ಇಜ್ಞಾನಕೋಶ' ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ನಮ್ಮ ದೇಶದ ಗಿಡಗಳ ಚಿತ್ರಗಳಿಗೆ 2008ರಲ್ಲಿ ಆರಂಭವಾದ 'ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್' ಇದೆ. ಬ್ರಿಟನ್ನಿನ ಬ್ರಯಾಲಜಿ ಸಂಘದ ತಾಣದಲ್ಲಿ ಚಿತ್ರಗಳೂ ವಿವರಣೆಗಳೂ ಬಹಳ ಚೆನ್ನಾಗಿವೆ. ಆದರೆ ಅವು ಆ ದೇಶದ ಗಿಡಗಳು ಎಂಬುದು ನೆನಪಿರಲಿ.

* ಆ್ಯಪ್ ಹೇಳುವ ಹೆಸರು ಒಂದು ಊಹೆ ಮಾತ್ರ. ಚೀಲ ಬಾಗಿದೆಯೇ, ಎಲೆಗೆ ನಡುನರ ಇದೆಯೇ, ಎಲೆಗಳು ಸುತ್ತಲೂ ಇವೆಯೇ, ಎರಡೇ ಸಾಲಿನಲ್ಲಿವೆಯೇ ಎಂದು ನಾವೇ ನೋಡಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರವಿದ್ದರೆ ಸಾಕು.

* ಕಿತ್ತ ತುಣುಕನ್ನು ಕಾಗದದ ಪೊಟ್ಟಣದಲ್ಲಿ ಒಣಗಿಸಿ, ಮೇಲೆ ದಿನಾಂಕ ಮತ್ತು ಸಿಕ್ಕ ಜಾಗ ಬರೆದಿಡಿ. ವಿಜ್ಞಾನಿಗಳು ಕೂಡ ಹೀಗೆಯೇ ಕಾಗದದ ಪೊಟ್ಟಣದಲ್ಲಿ ಇಡುತ್ತಾರೆ.

ಇಂತಹ ಸೌಕರ್ಯ ಯಾವುದೂ ಇಲ್ಲದ ಕಾಲದಲ್ಲಿ ಲಾಹೋರಿನ ಪ್ರಾಧ್ಯಾಪಕ ಶಿವರಾಮ್ ಕಶ್ಯಪ್ (1882-1934) ಹಿಮಾಲಯವನ್ನು ಸುತ್ತಿ ಲಿವರ್‌ವರ್ಟ್‌ಗಳನ್ನು ಸಂಗ್ರಹಿಸಿದರು. ಅವರ ಗ್ರಂಥದ ಮೊದಲ ಭಾಗ 1929ರಲ್ಲಿ ಹೊರಬಂತು. ಭಾರತದ ಬ್ರಯಾಲಜಿಯ ಪಿತಾಮಹರೆಂದು ಇಂದಿಗೂ ಅವರನ್ನೇ ಕರೆಯುತ್ತಾರೆ.

ಉಪಯೋಗವೇನು?

"ಇದನ್ನು ಕಲಿತು ಏನು ಪ್ರಯೋಜನ?" ಎಂದು ನನ್ನ ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಸ್ಫ್ಯಾಗ್ನಮ್ ಎಂಬ ಹಾವಸೆ ತನ್ನ ತೂಕದ ಇಪ್ಪತ್ತು ಪಟ್ಟಿನಷ್ಟು ನೀರು ಹಿಡಿದಿಡಬಲ್ಲದು. ಮೊದಲ ಮಹಾಯುದ್ಧದಲ್ಲಿ ಹತ್ತಿಗೆ ಕೊರತೆಯಾದಾಗ ಗಾಯಾಳುಗಳ ಗಾಯಕ್ಕೆ ಇದನ್ನೇ ಕಟ್ಟಿದರು. ತಂಪು ದೇಶಗಳಲ್ಲಿ ಸಾವಿರಾರು ವರ್ಷ ಇಂತಹ ಹಾವಸೆ ಕೊಳೆಯದೆ ಶೇಖರವಾಗಿ ಪೀಟ್ ಎಂಬ ಕಪ್ಪು ಮಣ್ಣಾಗಿದೆ. ಪೀಟ್ ನೆಲಗಳು ಭೂಮಿಯ ನೆಲದ ಶೇ. 3ರಷ್ಟು ಮಾತ್ರ. ಆದರೂ ಜಗತ್ತಿನ ಕಾಡುಗಳಿಗಿಂತ ಹೆಚ್ಚು ಇಂಗಾಲವನ್ನು ಅವು ಅಡಗಿಸಿಟ್ಟುಕೊಂಡಿವೆ. ಅವನ್ನು ಒಣಗಿಸಿ ಅಗೆದರೆ ಆ ಇಂಗಾಲ ಗಾಳಿಗೆ ಸೇರಿ ಭೂಮಿಯ ಬಿಸಿ ಏರುತ್ತದೆ.

ಮನೆಗೂ ಪ್ರಯೋಜನವಿದೆ. ಕಾಲು ಜಾರಿಸುವ ಲೋಳೆ ಹೆಚ್ಚಾಗಿ ಹಾವಸೆಯದ್ದಲ್ಲ, ಶೈವಲಗಳದ್ದು. ಹಾಗೆಂದು ಮೆಟ್ಟಿಲ ಮೇಲೆ ಹಾವಸೆಯನ್ನೂ ಬಿಡಬಾರದು, ಒದ್ದೆಯಾದಾಗ ಅದೂ ಜಾರುತ್ತದೆ. ವಯಸ್ಸಾದವರೂ ಗರ್ಭಿಣಿಯರೂ ಓಡಾಡುವ ದಾರಿಯನ್ನು ಉಜ್ಜಲೇಬೇಕು. ಆದರೆ ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ತೊಳೆಯುವ ಆ್ಯಸಿಡನ್ನು ಎಂದಿಗೂ ಬೆರೆಸಬೇಡಿ. ಅದರಿಂದ ಏಳುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ. ಇನ್ನು, ಗೋಡೆಯ ಹಾವಸೆ ಆಲದ ಸಸಿಯಂತೆ ಬೇರಿಳಿಸಿ ಗೋಡೆ ಸೀಳುವುದಿಲ್ಲ. ಅದು ಅಲ್ಲಿ ತೇವ ನಿಂತಿದೆ ಎಂದು ಹೇಳುತ್ತದೆ. ಒಳಗೋಡೆಯ ಪಕ್ಕದಲ್ಲಿ ಕಂಡರೆ ನೀರು ಎಲ್ಲಿಂದ ಸೋರುತ್ತಿದೆಯೆಂದು ಹುಡುಕಿ. ಯಾರ ಕಾಲಿಗೂ ಸಿಗದ ಕಡೆ ಅದನ್ನು ಇರಗೊಡಿ.

ಒಂದು ಪೊಟ್ಟಣ

ಕಳೆದ ಬೇಸಿಗೆಯ ರಜೆಯಲ್ಲಿ ಮಗಳು ಮಳೆಗಾಲದ ಆ ಪೊಟ್ಟಣವನ್ನು ಬಿಚ್ಚಿದಳು. ಒಳಗಿದ್ದದ್ದು ಚಹಾಪುಡಿಯಂತೆ ಕಂದಾಗಿ ಮುದುಡಿತ್ತು. ತಟ್ಟೆಯಲ್ಲಿಟ್ಟು ನಾಲ್ಕು ಹನಿ ನೀರು ಹಾಕಿದಳು. ನೋಡನೋಡುತ್ತಿದ್ದಂತೆ ಸುರುಳಿ ಬಿಚ್ಚಿ ಎಲೆಗಳು ಅರಳಿ ಹಸಿರಾದವು. ಪಕ್ಕದಲ್ಲಿ ಕುಳಿತಿದ್ದ ಅತ್ತೆ "ಸುಬ್‌ಹಾನಲ್ಲಾಹ್" ಎಂದರು. ಸತ್ತ ಭೂಮಿಯನ್ನು ಮಳೆಯಿಂದ ಜೀವಂತಗೊಳಿಸುವ ಅಲ್ಲಾಹನ ಕುರುಹಿನ ಬಗ್ಗೆ ಚಿಂತಿಸಲು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಕರೆ ನೀಡುತ್ತದೆ. ಎಷ್ಟೋ ಸಲ ಪಾರಾಯಣ ಮಾಡಿದ್ದೆವು. ಅಂದು ತಟ್ಟೆಯಲ್ಲಿ ಕಂಡೆವು.

ಈ ಸಲ ಮಳೆಗೆ ಮುನ್ನವೇ ಅತ್ತೆ ಹೇಳಿದ್ದಾರೆ: "ಬಾವಿಕಟ್ಟೆಯ ಹಿಂಬದಿ ಉಜ್ಜಬೇಡ. ಅಲ್ಲಿ ಯಾರೂ ನಡೆಯುವುದಿಲ್ಲ, ಮಗು ನೋಡಲಿ."