ಅನಾರ್ಕಲಿಯ ಅಪರಾಧ: ‘ಮೊಘಲ್-ಎ-ಆಜಮ್’ ಚಿತ್ರದ ಕಥಾಮೂಲವನ್ನು ಕುರಿತು

ಕೆ. ಆಸಿಫ್ ಅವರ ನಿರ್ದೇಶನದಲ್ಲಿ ಸಿದ್ಧವಾಗಿ ೧೯೬೦ರ ಆಗಸ್ಟ್ ೫ರಂದು ತೆರೆಕಂಡ ‘ಮೊಘಲ್-ಎ-ಆಜಮ್’ ಚಿತ್ರದ ಕಥೆ ಸರ್ವವಿದಿತವಾದುದು. ಯುವರಾಜ ಸಲೀಮನು ಅರಮನೆಯ ದಾಸಿಯೂ ನರ್ತಕಿಯೂ ಆದ ಅನಾರ್ಕಲಿಯಲ್ಲಿ ಅನುರಕ್ತನಾಗುತ್ತಾನೆ. ಅಕ್ಬರನು ಅದಕ್ಕೆ ಒಪ್ಪುವುದಿಲ್ಲ. ತಂದೆಮಕ್ಕಳು ರಣರಂಗದಲ್ಲಿ ಎದುರಾಗುತ್ತಾರೆ. ಕೊನೆಗೆ ಆಕೆಯನ್ನು ಜೀವಸಹಿತ ಗೋಡೆಯೊಳಗೆ ಮುಚ್ಚಿದಂತೆ ತೋರಿಸಿ, ಸಲೀಮನಿಗೆ ತಿಳಿಯದಂತೆ ಸುರಂಗದ ಮೂಲಕ ಹೊರಗೆ ಕಳುಹಿಸಲಾಗುತ್ತದೆ. ಸಲೀಮನ ದಂಗೆಗೆ ಈ ಪ್ರೇಮವೇ ಕಾರಣವೆಂದು ನಂಬಿದ ವಿದ್ಯಾರ್ಥಿಗಳು ಇಂದಿಗೂ ನಮ್ಮ ತರಗತಿಗಳಲ್ಲಿ ಕಾಣಸಿಗುತ್ತಾರೆ. ಆದಕಾರಣ ಈ ಕಥೆಯ ಮೂಲವನ್ನು ವಿಚಾರಿಸುವುದು ಅಪ್ರಸ್ತುತವೆನಿಸಲಾರದು.

ಅಬುಲ್ ಫಜಲನ ‘ಅಕ್ಬರ್‌ನಾಮಾ’ದಲ್ಲಿ ಅನಾರ್ಕಲಿಯ ಹೆಸರಿಲ್ಲ. ಜಹಾಂಗೀರನ ಆತ್ಮಚರಿತ್ರೆಯಲ್ಲಿಯೂ ಇಲ್ಲ. ತನ್ನ ಮದ್ಯವ್ಯಸನವನ್ನೂ ಅಬುಲ್ ಫಜಲನನ್ನು ಕೊಲ್ಲಿಸಿದುದನ್ನೂ ಮುಚ್ಚಿಡದೆ ಬರೆದ ಅರಸನ ಈ ಮೌನ ಗಮನಾರ್ಹವಾದುದು. ನಮಗೆ ದೊರೆಯುವ ಪ್ರಾಚೀನ ಉಲ್ಲೇಖ ೧೬೧೧ರಲ್ಲಿ ಲಾಹೋರಿನಲ್ಲಿದ್ದ ವಿಲಿಯಂ ಫಿಂಚ್ ಎಂಬ ಆಂಗ್ಲ ವರ್ತಕನದು. ಅವನು ಅಲ್ಲಿಯ ಒಂದು ಸಮಾಧಿಯನ್ನು ವರ್ಣಿಸಿ, ಸತ್ತವಳ ಹೆಸರಿಗೆ ದಾಳಿಂಬೆಯ ಬೀಜವೆಂದು ಅರ್ಥ ಹೇಳುತ್ತಾನೆ. ಆದರೆ ಅವನು ಹೇಳುವ ಸ್ತ್ರೀ ದಾಸಿಯಲ್ಲ. ಅಕ್ಬರನ ಪತ್ನಿ, ರಾಜಕುಮಾರ ದಾನಿಯಾಲನ ತಾಯಿ! ಸಲೀಮನೊಡನೆ ಆಕೆಗೆ ಸಂಬಂಧವಿತ್ತೆಂದು ತಿಳಿದು ಅಕ್ಬರನು ಆಕೆಯನ್ನು ಗೋಡೆಯೊಳಗೆ ಮುಚ್ಚಿಸಿದನೆಂಬುದು ಅವನ ಹೇಳಿಕೆ. ಇದು ಪೇಟೆಯ ವದಂತಿಗಿಂತ ಹೆಚ್ಚಿನದೆಂದು ಹೇಳಲು ಆಧಾರವಿಲ್ಲ.

ಇಲ್ಲಿ ವಿಚಾರಾರ್ಹವಾದುದು ಕಥೆಯ ಸತ್ಯಾಸತ್ಯತೆಗಿಂತಲೂ ಅದರಲ್ಲಿನ ನಿಷೇಧದ ಸ್ವರೂಪ. ಫಿಂಚನಲ್ಲಿ ಅಪರಾಧವು ಅಂತಃಪುರಕ್ಕೆ ಸಂಬಂಧಿಸಿದುದು. ಮಗನು ತಂದೆಯ ಶಯ್ಯೆಗೆ ಬಗೆದ ದ್ರೋಹ. ಇಪ್ಪತ್ತನೆಯ ಶತಮಾನದ ಪ್ರೇಕ್ಷಕನು ಇಂತಹ ಕಥೆಗೆ ಕಣ್ಣೀರು ಸುರಿಸುತ್ತಿದ್ದನೆಂದು ತೋರುವುದಿಲ್ಲ. ಇಮ್ತಿಯಾಜ್ ಅಲಿ ತಾಜ್ ಅವರು ೧೯೨೨ರಲ್ಲಿ ರಚಿಸಿದ ‘ಅನಾರ್ಕಲಿ’ ಎಂಬ ಉರ್ದು ನಾಟಕದಲ್ಲಿ ಆಕೆ ಅಂತಃಪುರದ ದಾಸಿ. ಅಪರಾಧವು ಈಗ ಅಂತಸ್ತಿನ ಉಲ್ಲಂಘನೆ. ಕಥೆಗೆ ಐತಿಹಾಸಿಕ ಆಧಾರವಿಲ್ಲವೆಂದು ನಾಟಕಕಾರರೇ ಸ್ಪಷ್ಟಪಡಿಸಿದ್ದರು. ಚಿತ್ರವನ್ನು ನೋಡಿ ಬಂದವರಿಗೆ ಆ ಮಾತನ್ನು ಹೇಳುವವರು ಯಾರು? ಚಿತ್ರವಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸ್ವತಃ ಹಿಂದೂಸ್ಥಾನವನ್ನೇ ಕಥೆಯ ನಿರೂಪಕನನ್ನಾಗಿ ಮಾಡಿದೆ. ಪೃಥ್ವೀರಾಜ್ ಕಪೂರರ ಅಕ್ಬರನು ಮತ್ಸರದಿಂದ ಕುದಿಯುವ ಪತಿಯಲ್ಲ, ರಾಜ್ಯಕ್ಕಾಗಿ ವಾತ್ಸಲ್ಯವನ್ನು ತೊರೆಯುವ ಚಕ್ರವರ್ತಿ. ಕೊನೆಯಲ್ಲಿ ಅನಾರ್ಕಲಿಗೆ ಪ್ರಾಣಭಿಕ್ಷೆ ದೊರೆಯುವುದರಿಂದ ಅಕ್ಬರನ ಗೌರವವೂ ಉಳಿಯುತ್ತದೆ. ಆದರೆ ವಿರಹದ ಭಾರವೆಲ್ಲ ಆಕೆಯ ಪಾಲಿಗೆ ಬೀಳುತ್ತದೆ. ತನ್ನ ಪ್ರಿಯತಮೆ ಬದುಕಿರುವಳೆಂಬುದನ್ನೇ ಸಲೀಮನು ಅರಿಯನು.

ನಿಜವಾದ ದಂಗೆಯ ಕಥೆ ಇಷ್ಟು ಕೋಮಲವಾದುದಲ್ಲ. ೧೫೬೯ರಲ್ಲಿ ಜನಿಸಿದ ಸಲೀಮನು ೧೬೦೦ರಲ್ಲಿ, ಅಕ್ಬರನು ದಕ್ಷಿಣದ ದಂಡಯಾತ್ರೆಯಲ್ಲಿದ್ದಾಗ, ಅಲಹಾಬಾದಿನಲ್ಲಿ ಸ್ವತಂತ್ರನಂತೆ ನಡೆದುಕೊಳ್ಳತೊಡಗಿದನು. ಆಗ ಅವನು ಖುಸ್ರೌ, ಖುರ್ರಮ್ ಮೊದಲಾದ ಮಕ್ಕಳ ತಂದೆ. ಮೂವತ್ತು ದಾಟಿದರೂ ದೊರೆಯದ ಸಿಂಹಾಸನವೇ ಅವನ ಅಸಹನೆಗೆ ಮುಖ್ಯ ಕಾರಣವೆನ್ನಬಹುದು. ೧೬೦೨ರಲ್ಲಿ ಅವನ ಪ್ರೇರಣೆಯಿಂದ ಬೀರ್ ಸಿಂಗ್ ಬುಂದೇಲನು ಅಬುಲ್ ಫಜಲನನ್ನು ಕೊಂದನು. ತಂದೆಮಕ್ಕಳ ನಡುವೆ ಚಿತ್ರದಲ್ಲಿರುವಂತಹ ಮಹಾಯುದ್ಧವೇನೂ ನಡೆಯಲಿಲ್ಲ, ೧೬೦೪ರಲ್ಲಿ ಸಂಧಾನವಾಯಿತು. ಚಿತ್ರದಲ್ಲಿ ಅಬುಲ್ ಫಜಲನ ಕೊಲೆಗೆ ಸ್ಥಾನವಿಲ್ಲದಿರುವುದು ಸಹಜವೇ ಆಗಿದೆ. ಕೊಲೆಗಡುಕನಾದ ಯುವರಾಜನು ಪ್ರೇಮಕಥೆಯ ನಾಯಕನಾಗುವುದು ಕಷ್ಟ. ದಂಗೆಗೆ ಪ್ರೇಮವನ್ನು ಕಾರಣವಾಗಿ ಕೊಟ್ಟೊಡನೆ ಸಲೀಮನ ಅಧಿಕಾರದಾಹ ಕಣ್ಮರೆಯಾಗುತ್ತದೆ.

ಲಾಹೋರಿನಲ್ಲಿ ಅನಾರ್ಕಲಿಯದೆಂದು ಹೇಳುವ ಸಮಾಧಿ ಈಗಲೂ ಇದೆ. ಅದರ ಶಿಲೆಯ ಮೇಲೆ ಹಿಜರಿ ೧೦೦೮ ಮತ್ತು ೧೦೨೪, ಅಂದರೆ ಸುಮಾರು ಕ್ರಿ. ಶ. ೧೫೯೯ ಮತ್ತು ೧೬೧೫, ಎಂಬ ಎರಡು ವರ್ಷಗಳಿವೆ; ಅಕ್ಬರನ ಮಗನಾದ ಪ್ರೇಮೋನ್ಮತ್ತ ಸಲೀಮನೆಂಬ ಅಂಕಿತವಿದೆ; ಸ್ತ್ರೀಯ ಹೆಸರು ಮಾತ್ರ ಇಲ್ಲ. ಅದು ಅವನ ಪತ್ನಿ ಸಾಹಿಬ್ ಜಮಾಲಳ ಸಮಾಧಿಯೆಂದು ಊಹಿಸುವವರೂ ಉಂಟು. ಬ್ರಿಟಿಷರ ಕಾಲದಲ್ಲಿ ಕೆಲವು ಕಾಲ ಚರ್ಚಾಗಿದ್ದ ಆ ಕಟ್ಟಡದಲ್ಲಿ ಅನಂತರ ಪಂಜಾಬ್ ಸರಕಾರದ ದಾಖಲೆಗಳ ಭಂಡಾರವನ್ನು ಇರಿಸಲಾಯಿತು.