ತೋಟದ ಕಾವಲಿಗೆ ಮೊದಲ ಕೋವಿ

ಮರಗೆಣಸಿನ ಸಾಲುಗಳನ್ನು ಹಂದಿಗಳು ಒಂದೇ ರಾತ್ರಿಯಲ್ಲಿ ಮಗುಚಿ ಹಾಕಿದ ಮರುದಿನ ಬೆಳಿಗ್ಗೆ ಮನೆಯ ಜಗಲಿಯಲ್ಲಿ ಏಳುವ ಮೊದಲ ಮಾತು ಕೋವಿಯದು. ಕೆಸು, ಸುವರ್ಣಗೆಡ್ಡೆ, ಬಾಳೆಯ ಕಂದು, ಎಳೆಯ ತೆಂಗಿನ ಸಸಿ, ಹಂದಿಗೆ ಯಾವುದೂ ವರ್ಜ್ಯವಲ್ಲ. ‘ಒಂದು ಕೋವಿ ತೆಗೆದರೆ ಹೇಗೆ?’ ಎಂದು ಹಿರಿಯರು ಕೇಳುವಷ್ಟರಲ್ಲಿ ಕಿರಿಯರು ಮೊಬೈಲಿನಲ್ಲಿ ದುರ್ಬೀನು ಕೂರಿಸಿದ ಅಮೆರಿಕದ ರೈಫಲುಗಳ ಚಿತ್ರ ತೋರಿಸುತ್ತಾರೆ. ಅಲ್ಲಿ ಮೊದಲ ಬಾರಿ ಬೇಟೆಗೆ ಹೊರಡುವವನು ಇನ್ನೂರು ಮೀಟರಿನಾಚೆ ಬಯಲಲ್ಲಿ ನಿಂತ ಜಿಂಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು .243, .308, .30-06 ಎಂಬ ಅಳತೆಗಳ ನಡುವೆ ಆರಿಸುತ್ತಾನೆ. ನಮ್ಮ ಹಂದಿ ಕಾಣಸಿಗುವುದು ಇಪ್ಪತ್ತು ಮೀಟರಿನಲ್ಲಿ, ಕತ್ತಲೆಯಲ್ಲಿ, ಅಡಿಕೆ ಮರಗಳ ನಡುವೆ. ಅದರ ಹಿಂದೆ ಗುಡ್ಡದ ಓರೆಯಲ್ಲಿ ನೆರೆಮನೆಯ ದೀಪ ಉರಿಯುತ್ತಿರುತ್ತದೆ. ಯಾವ ಕೋವಿ, ಯಾವ ತೋಟೆ ಎಂಬ ಪ್ರಶ್ನೆಯನ್ನು ನಾವು ಆ ದೀಪದಿಂದಲೇ ಆರಂಭಿಸಬೇಕಾಗಿದೆ.

ಅದಕ್ಕೂ ಮೊದಲು ಕಾನೂನಿನ ಎರಡು ಮಾತು. ಕೋವಿಯ ಪರವಾನಗಿ ಬೇರೆ, ಹಂದಿಯನ್ನು ಕೊಲ್ಲುವ ಅನುಮತಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಕಾಡುಹಂದಿಗೂ ಇದೆ. 2022ರಲ್ಲಿ ಕೇರಳ ಸರಕಾರವು ಪಂಚಾಯತು ಅಧ್ಯಕ್ಷರೇ ಮೊದಲಾದ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಗೌರವ ವನ್ಯಜೀವಿ ಪಾಲಕರ ಅಧಿಕಾರವನ್ನು ನೀಡಿ, ಬೆಳೆ ಹಾಳುಮಾಡುವ ಹಂದಿಯನ್ನು ಪರವಾನಗಿ ಕೋವಿಯುಳ್ಳವರಿಂದ ಕೊಲ್ಲಿಸಲು ದಾರಿ ಮಾಡಿತು. ವಿಷ, ಸ್ಫೋಟಕ, ವಿದ್ಯುತ್ತು ಕೂಡದು ಎಂಬುದು ಅದರ ಷರತ್ತು. ಕೊಂದ ಹಂದಿಯನ್ನು ಹೂಳಬೇಕೇ ಹೊರತು ಮಾಂಸವನ್ನು ಪಾಲು ಹಾಕುವಂತಿಲ್ಲ. ಇಂತಹ ಆದೇಶಗಳಿಗೆ ಅವಧಿಯಿರುವುದರಿಂದ ಈಗ ಯಾವುದು ಚಾಲ್ತಿಯಲ್ಲಿದೆ ಎಂಬುದನ್ನು ಪಂಚಾಯತು ಕಚೇರಿಯಲ್ಲಿ ಕೇಳಿಯೇ ಮುಂದುವರಿಯಬೇಕು. ಮಲಯಾಳ ಓದಲು ಬಾರದವರು ಷರತ್ತುಗಳನ್ನು ಒಂದೊಂದಾಗಿ ಓದಿಸಿ ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ. ಪಾಣತ್ತೂರಿನಾಚೆ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಗಡಿಯ ಈಚೆಗೆ ಅನ್ವಯಿಸುವುದಿಲ್ಲ; ಅಲ್ಲಿಯ ನೆಂಟರ ಕೋವಿಯನ್ನು ಎರವಲು ತರುವ ಆಲೋಚನೆಯನ್ನೂ ಬಿಡಬೇಕು.

1959ರ ಆಯುಧ ಕಾಯಿದೆಯು ರೈತನ ಆಯ್ಕೆಯನ್ನು ಬಹುಮಟ್ಟಿಗೆ ತಾನೇ ಮಾಡಿಕೊಟ್ಟಿದೆ. ಬೆಳೆ ರಕ್ಷಣೆಗೆ ಅದು ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು, ನಮ್ಮವರ ಮಾತಿನ ಕೇಪಿನ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಕೋವಿಗೂ ಪರವಾನಗಿ ದೊರೆಯುವುದು. ನಳಿಗೆಯ ಒಳಗೆ ಸುರುಳಿ ಗೆರೆಗಳಿದ್ದರೆ ಅದು ರೈಫಲು. ಅದಕ್ಕೆ ಪ್ರತ್ಯೇಕವಾಗಿ ಸಕಾರಣ ತೋರಿಸಬೇಕು. ಕೇಪಿನ ಕೋವಿ ಅಗ್ಗವೇನೋ ನಿಜ. ಆದರೆ ಮಳೆಗಾಲದ ಒದ್ದೆಗೆ ಮದ್ದು ಕೈಕೊಡುತ್ತದೆ. ಒಂದು ಈಡಿನ ಬಳಿಕ ಮತ್ತೆ ತುಂಬುವಷ್ಟು ಹೊತ್ತು ಗಾಯಗೊಂಡ ಒಂಟಿ ಸಲಗ ಕಾಯುವುದಿಲ್ಲ. ಪರವಾನಗಿಯಿಲ್ಲದ ನಾಟಿ ಕೋವಿಯ ಬಗ್ಗೆ ಇಲ್ಲಿ ಚರ್ಚೆಯೇ ಅನಾವಶ್ಯಕ.

ಉಳಿಯುವುದು ತೋಟೆಕೋವಿ. ಅದರಲ್ಲಿ 12 ಬೋರೇ ಲೇಸು. ಈ ಸಂಖ್ಯೆಯ ಅರ್ಥ ಮಕ್ಕಳಿಗೆ ಸ್ವಾರಸ್ಯವೆನಿಸೀತು: ಒಂದು ಪೌಂಡು ಸೀಸವನ್ನು ಹನ್ನೆರಡು ಸಮಗುಂಡುಗಳಾಗಿ ಎರೆದರೆ ಅವುಗಳಲ್ಲೊಂದು ಸರಿಯಾಗಿ ಹಿಡಿಸುವ ನಳಿಗೆಯೇ 12 ಬೋರು, ಸುಮಾರು ಹದಿನೆಂಟೂವರೆ ಮಿಲಿಮೀಟರು. ಹದಿನಾರು ಗುಂಡುಗಳಾದರೆ 16 ಬೋರು. ಸಂಖ್ಯೆ ಏರಿದಂತೆ ನಳಿಗೆ ಕಿರಿದು. 16 ಬೋರಿನ ಕೋವಿ ಹೆಗಲಿಗೆ ಹಗುರವಾದರೂ ಅದರ ತೋಟೆಗಾಗಿ ಅಂಗಡಿಯಿಂದ ಅಂಗಡಿಗೆ ಅಲೆಯಬೇಕು. ತೋಟೆ ಸಿಗದ ಕೋವಿ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ದುಬಾರಿಯೇ.

ಒಂಟಿ ನಳಿಗೆಯೋ ಜೋಡು ನಳಿಗೆಯೋ? ಹಣವೊಂದನ್ನೇ ನೋಡಿದರೆ ಒಂಟಿ ನಳಿಗೆ. ನನ್ನ ಮತ ಜೋಡಿಗೆ. ಎರಡನೆಯ ಈಡು ಕೈಯಲ್ಲಿರುತ್ತದೆ. ಸಾಮಾನ್ಯವಾಗಿ ಬಲನಳಿಗೆಯ ಬಾಯಿ ಸಡಿಲ, ಎಡನಳಿಗೆಯದು ಬಿಗಿ, ಆದ್ದರಿಂದ ದೂರಕ್ಕೆ ತಕ್ಕಂತೆ ಟ್ರಿಗರ್ ಆರಿಸಬಹುದು. ಅದಕ್ಕಿಂತ ಮಿಗಿಲಾಗಿ, ಮುರಿದು ತೆರೆಯುವ ಕೋವಿ ಖಾಲಿಯಿದೆಯೆಂಬುದು ಹತ್ತು ಹೆಜ್ಜೆ ದೂರದಿಂದಲೇ ಎಲ್ಲರಿಗೂ ಕಾಣುತ್ತದೆ. ಮುಂಗೈ ಎಳೆದು ತೋಟೆ ಏರಿಸುವ ಪಂಪ್ ಕೋವಿಗೆ ಆ ಗುಣವಿಲ್ಲ.

ಹಳೆಯ ಕೋವಿ ಕೊಳ್ಳುವವರು ಹೆಚ್ಚು ಮೋಸಹೋಗುವುದು ಹೊಳಪಿಗೆ. ತೋಟೆಯಿಲ್ಲವೆಂದು ಖಚಿತಪಡಿಸಿಕೊಂಡು, ನಳಿಗೆಯನ್ನು ಕಳಚಿ, ಬೆಳಕಿಗೆ ಹಿಡಿದು ಒಳಗೆ ನೋಡಬೇಕು. ತುಕ್ಕಿನ ಗುಳಿಗಳಿದ್ದರೆ, ನಗ್ಗಿದ್ದರೆ, ಒಳಗಿನ ವರ್ತುಲಗಳು ಒಂದೆಡೆ ಸೊಟ್ಟಗಾಗಿ ಕಂಡರೆ ಬಿಟ್ಟುಬಿಡಿ. ಜೋಡಿಸಿದ ಮೇಲೆ ಹಿಡಿಯನ್ನು ಕಂಕುಳಲ್ಲಿ ಅವುಚಿ ನಳಿಗೆಯನ್ನು ಅಲುಗಾಡಿಸಿದರೆ ಕೀಲಿನಲ್ಲಿ ಸಡಿಲವಿರಬಾರದು. ನಳಿಗೆಯ ಮೇಲೆ ಹಾವಿನ ಪೊರೆಯಂತಹ ಬಳ್ಳಿಚಿತ್ರ ಕಂಡರೆ ಅದು ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಹೆಣೆದು ಮಾಡಿದ ಡಮಾಸ್ಕಸ್ ನಳಿಗೆ. ನೋಡಲು ಬಲು ಚೆಂದ, ಇಂದಿನ ಹೊಗೆರಹಿತ ಮದ್ದಿಗೆ ಅಪಾಯ. ಗೋಡೆಯ ಮೇಲೆ ಇರಲಿ.

ಇನ್ನೊಂದು ಸಂಗತಿ ಕೋವಿ ಬಲ್ಲವರೂ ಮರೆಯುವಂಥದು. ಹಳೆಯ ಆಂಗ್ಲ ಕೋವಿಗಳ ತೋಟೆಗೂಡು ಎರಡೂವರೆ ಇಂಚು, ಅಂದರೆ 65 ಮಿಲಿಮೀಟರು. ಇಂದು ಸಾಮಾನ್ಯವಾಗಿ ಸಿಗುವ ತೋಟೆ 70 ಮಿಲಿಮೀಟರಿನದು. ಆ ಅಳತೆ ಸಿಡಿದು ಬಾಯಿ ಬಿಚ್ಚಿಕೊಂಡ ತೋಟೆಯದಾದ್ದರಿಂದ, ತುಂಬುವಾಗ ಉದ್ದನೆಯ ತೋಟೆಯೂ ಗಿಡ್ಡ ಗೂಡಿನಲ್ಲಿ ಸಲೀಸಾಗಿ ಕುಳಿತುಕೊಳ್ಳುತ್ತದೆ. ಸಿಡಿಯುವಾಗ ಬಾಯಿ ಬಿಚ್ಚಲು ಎಡೆಯಿಲ್ಲದೆ ಒಳಗಿನ ಒತ್ತಡ ಮಿತಿಮೀರುತ್ತದೆ. ಗೂಡಿನ ಉದ್ದವನ್ನು ಪಳಗಿದ ಕೋವಿ ರಿಪೇರಿಯವನಿಂದ ಅಳೆಯಿಸದೆ ಹಣ ಎಣಿಸಬಾರದು.

ತೋಟೆಯ ಆಯ್ಕೆ ಇನ್ನೂ ಮುಖ್ಯ. ನಾಲ್ಕು, ಐದು, ಆರನೆಯ ನಂಬರಿನ ಸಣ್ಣ ಚರೆ ಹಕ್ಕಿಗಾಗಿ ಮಾಡಿದ್ದು. ಬಲಿತ ಗಂಡುಹಂದಿಯ ಹೆಗಲ ಮೇಲೆ ಚರ್ಮದಡಿ ಗಟ್ಟಿ ಗುರಾಣಿಯೇ ಇದೆ. ಸಣ್ಣ ಚರೆ ಅಲ್ಲಿ ಸಿಕ್ಕಿಕೊಂಡು ಪ್ರಾಣಿ ನರಳುತ್ತ ಓಡುತ್ತದೆ, ಮರುದಿನ ಹುಲ್ಲು ಕೊಯ್ಯಲು ಹೋದವರ ಮೇಲೆ ಬೀಳುತ್ತದೆ. ಹಂದಿಗೆ ಬೇಕಾದುದು ಔನ್ಸಿಗೆ ಆರು ತೂಗುವ ಎಲ್‌ಜಿ ಅಥವಾ ಎಂಟು ತೂಗುವ ಎಸ್‌ಜಿ ಎಂಬ ದಪ್ಪ ಚರೆ. ಅದೂ ಇಪ್ಪತ್ತು ಇಪ್ಪತ್ತೈದು ಮೀಟರಿನೊಳಗೆ, ಪಕ್ಕಕ್ಕೆ ತಿರುಗಿ ನಿಂತ ಹಂದಿಯ ಮುಂಗಾಲಿನ ಹಿಂಬದಿಗೆ. ಅದಕ್ಕಿಂತ ದೂರದಲ್ಲಿ ಚರೆಗಳು ಚದರಿ ಒಂದೆರಡು ಮಾತ್ರ ತಗಲುತ್ತವೆ. ಒಂಟಿ ಗುಂಡಿನ ತೋಟೆಗೆ ಬಲ ಹೆಚ್ಚು. ಆದರೆ ತಪ್ಪಿದ ಗುಂಡು ಇಡಿಯಾಗಿ ಎಲ್ಲೋ ಹೋಗಿ ಬೀಳಬೇಕಲ್ಲ!

ರೈಫಲಿನ ಮೇಲಿನ ನನ್ನ ಆಕ್ಷೇಪವೂ ಇದೇ. ಈಶಾಪುರದ ಕಾರ್ಖಾನೆಯ .315 ರೈಫಲು ಗಟ್ಟಿಮುಟ್ಟಾದ ಆಯುಧ, ಹಂದಿಗೆ ಬೇಕಾದುದಕ್ಕಿಂತ ಹೆಚ್ಚು ಬಲವುಳ್ಳದ್ದು; .30-06ರ ಗುಂಡು ಅನುಕೂಲ ಕೋನದಲ್ಲಿ ನಾಲ್ಕು ಕಿಲೋಮೀಟರು ದಾಟೀತು. ಆಟಿಕೆಯಂತೆ ತೋರುವ .22ರ ಪುಟ್ಟ ಗುಂಡಿಗೂ ಒಂದೂವರೆ ಮೈಲಿನವರೆಗೆ ಅಪಾಯವುಂಟು. ಹಂದಿಯನ್ನು ಶುದ್ಧವಾಗಿ ಕೊಲ್ಲುವ ಬಲ ಮಾತ್ರ ಅದಕ್ಕಿಲ್ಲ. ನಮ್ಮಲ್ಲಿ ಎರಡು ಕಿಲೋಮೀಟರು ಮನೆಯೇ ಇಲ್ಲದ ದಿಕ್ಕು ಯಾವುದು? ದಪ್ಪ ಚರೆ ಕೂಡ ಅರ್ಧ ಕಿಲೋಮೀಟರು ಮೀರಿ ಹೋಗಬಲ್ಲದು. ಮುರಕಲ್ಲಿನ ಕಟ್ಟೆಗೆ ಬಡಿದರೆ ಯಾವುದು ಎತ್ತ ಚಿಮ್ಮುವುದೆಂದು ಹೇಳಲಾಗದು. ಮಣ್ಣಿನ ದರೆ ಹಿಂದಿರಬೇಕು. ಇಲ್ಲದಿದ್ದರೆ ಮಚ್ಚಾನಿನಂತಹ ಎತ್ತರದಿಂದ ಕೆಳಮುಖವಾಗಿ ಈಡು ಹಾಕಬೇಕು.

ಪಂಚಾಯತಿನ ಅನುಮತಿ ಪಡೆದ ಹಿರಿಯ ಈಡುಗಾರರೊಬ್ಬರ ಜತೆ ಒಂದು ರಾತ್ರಿ ತೋಟದ ಅಂಚಿನಲ್ಲಿ ಕುಳಿತಿದ್ದೆ. ಹಂದಿಗಳು ಮೂರು ಸಲ ಬಂದವು. ಮೊದಲ ಸಲ ಹಿಂದೆ ಬರೇ ಆಕಾಶವಿತ್ತು. ಎರಡನೆಯ ಸಲ ಮರಿಗಳು ತಾಯಿಗೆ ಅಂಟಿಕೊಂಡಿದ್ದವು. ಮೂರನೆಯ ಸಲ ಒಂಟಿ ಗಂಡು, ಹದವಾದ ದೂರ. ನಾನು ಉಸಿರು ಬಿಗಿಹಿಡಿದೆ. ಅವರು ಕೋವಿ ಇಳಿಸಿದರು. ತೋಡಿನಾಚೆ ಯಾರೋ ಟಾರ್ಚು ಹಿಡಿದು ಪಂಪು ನಿಲ್ಲಿಸಲು ಬರುತ್ತಿದ್ದರು, ನನಗೆ ಕಂಡಿರಲಿಲ್ಲ. ‘ಮೂರು ತೋಟೆ ಉಳಿಯಿತು ಮಾರಾಯರೇ’ ಎಂದಷ್ಟೇ ಹೇಳಿ ಮನೆಗೆ ನಡೆದರು.

ಕಡಿಮೆ ಖರ್ಚಿನ ಕೋವಿ ಹಲವರಿಗೆ ಮನೆಯಲ್ಲೇ ಇರುತ್ತದೆ, ತಂದೆಯದು. 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿದಾರರಿಗೆ 70 ವರ್ಷವಾದ ಮೇಲೆ ಅಥವಾ ಕೋವಿ 25 ವರ್ಷ ಕೈಯಲ್ಲಿದ್ದ ಮೇಲೆ ವಾರಸುದಾರರ ಹೆಸರಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು. ತಂದೆ ತೀರಿದ ಬಳಿಕ ಅಟ್ಟದಲ್ಲಿಟ್ಟು ಸುಮ್ಮನಿದ್ದರೆ ಅದೇ ಅಪರಾಧವಾಗುತ್ತದೆ. 21 ವರ್ಷ ತುಂಬಿರಬೇಕು. ವೈದ್ಯಕೀಯ ಪ್ರಮಾಣಪತ್ರ, ಆಯುಧ ಬಳಕೆಯ ತರಬೇತಿ ಬೇಕು. ಪರವಾನಗಿ ಐದು ವರ್ಷಕ್ಕೆ. ಚುನಾವಣೆ ಸಾರಿದೊಡನೆ ಕೋವಿಯನ್ನು ಠಾಣೆಗೆ ಒಪ್ಪಿಸುವ ವಾಡಿಕೆಯೂ ಇದೆ. ಬೆಳೆ ಕೈಗೆ ಬರುವ ಕಾಲಕ್ಕೆ ಮತದಾನ ಬಂದರೆ ಆ ತಿಂಗಳು ಬೇಲಿಯೇ ಗತಿ.

ಮಕ್ಕಳಿರುವ ಮನೆಯಲ್ಲಿ ಕೋವಿಯ ಬೆಲೆಗೆ ಬೀಗವಿರುವ ಕಬ್ಬಿಣದ ಪೆಟ್ಟಿಗೆಯ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಕೋವಿ ಒಂದು ಕಡೆ, ತೋಟೆ ಇನ್ನೊಂದು ಬೀಗದಲ್ಲಿ. ಈ ಎಲ್ಲವನ್ನೂ ಕೂಡಿಸಿ ನೋಡಿದಾಗ ಅರ್ಧ ಎಕರೆ ಮರಗೆಣಸಿನವರು ಕೋವಿ ಕೊಳ್ಳದಿರುವುದೇ ಲಾಭ. ಪಂಚಾಯತಿಗೆ ಒಂದು ಅರ್ಜಿ ಬರೆದು, ಅಲ್ಲಿಯ ಪಟ್ಟಿಯಲ್ಲಿರುವ ಈಡುಗಾರರನ್ನು ಕರೆಸಿಕೊಳ್ಳಬಹುದು. ಅವರು ಬಂದ ದಿನ ತೋಟದ ಸುತ್ತಲಿನ ಮನೆಗಳಿಗೆ ಮುಸ್ಸಂಜೆಗೇ ಹೋಗಿ, ಇಂದು ರಾತ್ರಿ ಯಾರೂ ತೋಡಿನ ಕಡೆ ಇಳಿಯಬೇಡಿ ಎಂದು ಹೇಳಿಬರುವ ಕೆಲಸ ಮನೆಯವರದು.